ಯಾದಗಿರಿ ಬೆಟ್ಟದ ಕೋಟೆ ಕಾಯಲು ಬರುವ ಹೊಸಬನಿಗೆ

ತಮ್ಮಾ, ಮೊದಲು ಹೊತ್ತಿನ ಮಾತು. ಬಿಸಿಲೇರುವ ಮೊದಲೇ ಒಂದು ಸುತ್ತು ಮುಗಿಸು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ಬಂಡೆ ಕಾದರೆ ಕೈ ಇಡಲು ಆಗಲ್ಲ. ರಬ್ಬರ್ ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕು. ನೀರು, ಬಡಿಗೆ, ಬ್ಯಾಟರಿ ಜೊತೆಗಿರಲಿ. ಬುತ್ತಿಯನ್ನು ಚೀಲದೊಳಗೆ ಇಡು. ಕೈಯಲ್ಲಿ ಹಿಡಿದರೆ ರೊಟ್ಟಿ ಮಂಗಗಳ ಪಾಲು.

ಹೊಸಬರೆಲ್ಲ ಕೆಳಗಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನೀನು ಹಾಗೆ ಮಾಡಬೇಡ. ಬೆಟ್ಟದ ಕೋಟೆಗೆ ಬಾಗಿಲು ಕಟ್ಟಿದವರು ಬುದ್ಧಿವಂತರು. ದಾರಿಯನ್ನು ನೇರ ಬಿಡದೆ ತಿರುಗಿಸುತ್ತಿದ್ದರು. ಆನೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು, ಮೇಲಿನವರಿಗೆ ಕಲ್ಲು ಉರುಳಿಸಲು ಸುಲಭ ಆಗಬೇಕು. ಅಪಾಯ ಬರುವುದು ಯಾರೂ ಕಾಯದ ಕಡೆಯಿಂದ. ಇಲ್ಲೇ ಸುರಪುರದ ಹತ್ತಿರದ ವಾಗಣಗೇರಾ ಕಥೆ ಕೇಳಿದ್ದೀಯಲ್ವಾ? 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ಮುತ್ತಿಗೆ ಹಾಕಿದ. ಕೊನೆಗೆ ಕೋಟೆ ಕೈಗೆ ಸಿಕ್ಕಾಗ ಅದರ ದೊರೆ ಪಿಡ್ಡ ನಾಯಕನೇ ಒಳಗಿರಲಿಲ್ಲ. ಅಷ್ಟು ದೊಡ್ಡ ದಂಡು ಸುತ್ತಲೂ ಇದ್ದಾಗಲೇ ರಾತ್ರಿ ಜಾರಿಕೊಂಡಿದ್ದ. ಹೊರಗೆ ಹೋಗಲು ದಾರಿ ಇದ್ದರೆ ಒಳಗೆ ಬರಲೂ ಇರುತ್ತದೆ. ಕುರಿ ಕಾಯುವ ಹುಡುಗರ ಜೊತೆ ಸ್ನೇಹ ಮಾಡು. ಹಿಂದಿನ ಕಾಲುದಾರಿಗಳು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇಲ್ಲ.

ಹೊಂಡಗಳ ಕಡೆ ದಿನಾ ಹೋಗಲೇಬೇಕು. ಬೆಟ್ಟದ ಮೇಲೆ ನೀರು ಇದ್ದದ್ದರಿಂದಲೇ ಇಲ್ಲಿ ಕೋಟೆ. ಮುತ್ತಿಗೆ ಬಿದ್ದಾಗ ಹೊಂಡ ಬತ್ತಿದರೆ ತೋಪು, ಅಂದರೆ ಫಿರಂಗಿ, ಎಷ್ಟಿದ್ದರೇನು? ಈಗಿನ ಚಿಂತೆ ಬೇರೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಮೆಟ್ಟಿಲು ಜಾರುತ್ತವೆ, ಸೆಲ್ಫಿ ಹುಡುಗರು ಅಂಚಿಗೇ ಹೋಗುತ್ತಾರೆ. ಬೈಯಬೇಡ, ಪಕ್ಕದಲ್ಲಿ ಸುಮ್ನೆ ಹೋಗಿ ನಿಂತುಕೋ. ತಾವಾಗಿಯೇ ಹಿಂದೆ ಸರಿಯುತ್ತಾರೆ.

ಬಂಡೆಯ ಮರೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಜನರನ್ನು ಆ ಕಡೆ ಬಿಡಬೇಡ, ಬೀಡಿ ಹೊಗೆಯೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ಕೈ ಬೀಸಬಾರದು. ಹೊಂಡಕ್ಕಂತೂ ಹಾರಬಾರದು.

ಇನ್ನು ನಿಧಿಗಳ್ಳರು. ನಿಜವಾದ ಕೆಲಸ ಇದೇ. ಇವರಿಗೆ ಚಿನ್ನದ ಹುಚ್ಚು, ನಮಗೆ ಕಲ್ಲಿನ ಚಿಂತೆ. ಬಂಡೆಯಲ್ಲಿ ಕೊರೆದ ತೀರ್ಥಂಕರರ ಬುಡವಾಗಲಿ, ಅಕ್ಷರ ಇರುವ ಕಲ್ಲಾಗಲಿ, ಗುಡಿಯ ಮೂಲೆಯಾಗಲಿ, ಎಲ್ಲೆಲ್ಲಿ ಹಳೆಯದು ಕಾಣುತ್ತದೋ ಅಲ್ಲೆಲ್ಲ ಅಗೆಯುತ್ತಾರೆ. ಅಮಾವಾಸ್ಯೆಗೆ ಮುಂಚೆಯೇ ಒಬ್ಬ ಬಂದು ಜಾಗ ನೋಡಿಕೊಂಡು ಹೋಗುತ್ತಾನೆ. ಭುವನೇಶ್ವರಿ ಗುಡಿಗೆ ಬಂದವನ ಹಾಗೇ ಇರುತ್ತಾನೆ, ಆದರೆ ಕಣ್ಣೆಲ್ಲ ನೆಲದ ಮೇಲೆ. ಹೆಜ್ಜೆ ಎಣಿಸುತ್ತಾನೆ. ಅಂಥವನನ್ನು ನಿಲ್ಲಿಸಿ, "ಯಾವೂರು ಅಣ್ಣಾ?" ಅಂತ ನಗುತ್ತಾ ಕೇಳು. ಮುಖ ನೋಡಿಟ್ಟಿದ್ದಾರೆ ಅಂತ ಗೊತ್ತಾದರೆ ಅರ್ಧ ಜನ ವಾಪಸ್ ಬರಲ್ಲ. ಕುಂಕುಮ ಹಚ್ಚಿ ಕೊಯ್ದ ನಿಂಬೆಹಣ್ಣು, ಹೊಸ ಮಣ್ಣು, ಜಾಗ ಬದಲಿಸಿದ ಕಲ್ಲು ಕಂಡರೆ ಮುಟ್ಟಬೇಡ. ಫೋಟೋ ತೆಗೆದು ಆಫೀಸಿಗೆ ಕಳಿಸು.

ರಾತ್ರಿ ಬ್ಯಾಟರಿ ಹಿಡಿದುಕೊಂಡೇ ನಡೆದರೆ ನೀನಿರುವ ಜಾಗ ಊರಿಗೆಲ್ಲ ಕಾಣುತ್ತದೆ. ನಡೆಯುವಾಗ ಕಾಲ ಬುಡಕ್ಕೆ ಮಾತ್ರ ಬಿಡು, ಹಾವು ಚೇಳು ಇರುತ್ತವೆ. ಬುರುಜು ಬಂದಾಗ ಆರಿಸಿ ನಿಲ್ಲು. ಕತ್ತಲಿಗೆ ಕಣ್ಣು ಒಗ್ಗಲು ಹೊತ್ತು ಬೇಕು, ಅಲ್ಲಿಯವರೆಗೆ ಕಿವಿಗೆ ಕೆಲಸ ಕೊಡು. ಕೆಳಗೆ ಊರಿನ ಗದ್ದಲ ಇದ್ದೇ ಇರುತ್ತದೆ. ಅದರ ನಡುವೆ ಹಾರೆ ಬಂಡೆಗೆ ಬಡಿದ ಸದ್ದು ಬೇರೆಯೇ ಕೇಳುತ್ತದೆ, 'ಟಣ್' ಅಂತ ಬಂದು ಸ್ವಲ್ಪ ಹೊತ್ತು ನಿಂತು ಮತ್ತೆ 'ಟಣ್'. ಕೇಳಿದ ಕೂಡಲೇ ಒಬ್ಬನೇ ನುಗ್ಗಬೇಡ. ಅವರು ನಾಲ್ಕೈದು ಜನ, ಕೈಯಲ್ಲಿ ಕಬ್ಬಿಣ. 112ಕ್ಕೆ ಫೋನ್ ಮಾಡು, ಇಳಿಯುವ ದಾರಿ ಕಾಣುವ ಕಡೆ ಮರೆಯಲ್ಲಿ ಕೂತುಕೋ. ಸುತ್ತು ಹೊಡೆಯುವ ಹೊತ್ತನ್ನು ದಿನಾ ಬದಲಿಸುತ್ತಿರು. ಹತ್ತಕ್ಕೊಂದು ಎರಡಕ್ಕೊಂದು ಅಂತ ಇಟ್ಟುಕೊಂಡರೆ ಅವರು ಹನ್ನೊಂದಕ್ಕೆ ಬರುತ್ತಾರೆ, ಅಷ್ಟೇ.

ಗೋಡೆಯ ಸಂದಿಯಲ್ಲಿ ಅರಳಿ ಸಸಿ ಎರಡೆಲೆ ಬಿಟ್ಟಾಗಲೇ ಕಿತ್ತುಬಿಡು. ಬೇರು ದಪ್ಪ ಆಗಿದ್ದರೆ ಎಳೆಯಬೇಡ, ಕಲ್ಲೂ ಜೊತೆಗೇ ಬರುತ್ತದೆ. ಬರೆದುಕೊಂಡು ಮೇಲಿನವರಿಗೆ ತಿಳಿಸು. ತೋಪಿನ ಸುತ್ತ ಒಣಹುಲ್ಲು ಬೇಸಿಗೆಗೆ ಮುಂಚೆ ಕೊಯ್ಯಬೇಕು, ಬೆಂಕಿ ಹಚ್ಚಬಾರದು. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಅದೇ ಗೋಡೆಯ ಫೋಟೋ ತೆಗೆದಿಡು. ಉಬ್ಬು ಬಂದದ್ದು ಬರಿಗಣ್ಣಿಗಿಂತ ಮೊದಲು ಫೋಟೋದಲ್ಲಿ ಗೊತ್ತಾಗುತ್ತದೆ.

ಕತ್ತಲಾಗುವ ಮುಂಚೆ ಎಲ್ಲರನ್ನೂ ಇಳಿಸಿ, ನೀನು ಕೊನೆಗೆ ಇಳಿ. ರಿಜಿಸ್ಟರಿನಲ್ಲಿ ಹೊತ್ತು, ಕಂಡದ್ದು, ಸಹಿ, ಇಷ್ಟು ಸಾಕು. ರಜೆ ಬೇಕಾದರೆ ಕೇಳು, ಕೊಡಿಸುತ್ತೇನೆ. ಅಮಾವಾಸ್ಯೆ ಹಿಂದೆ ಮುಂದೆ ಮಾತ್ರ ಕೇಳಬೇಡ.