ದಾಸವಾಳದ 2 ಮಿಲಿಮೀಟರ್

ಕ್ಯಾಮೆರಾ ಹೂವಿಗೆ ಹತ್ತಿರ ಹೋದಷ್ಟೂ ಫೋಕಸ್ ಇರುವ ಪದರ ತೆಳುವಾಗುತ್ತ ಹೋಗುತ್ತದೆ. ಎಪಿಎಸ್-ಸಿ ಸೆನ್ಸರಿನ (ಬಹಳಷ್ಟು ಸಾಮಾನ್ಯ ಕ್ಯಾಮೆರಾಗಳಲ್ಲಿ ಬಿಂಬ ಹಿಡಿಯುವ, ಫುಲ್ ಫ್ರೇಮ್‌ಗಿಂತ ಚಿಕ್ಕ ಫಲಕ) ಮೇಲೆ ಹೂವಿನ ಬಿಂಬ ಅದರ ನಿಜಗಾತ್ರದ ಅರ್ಧದಷ್ಟು ಬಿದ್ದಾಗ, ಎಫ್/8ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸಿನ ರಂಧ್ರದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಚೂಪಾಗಿ ಕಾಣುವುದು ಸುಮಾರು 2 ಮಿ.ಮೀ. ದಪ್ಪ ಮಾತ್ರ. ನಿಜಗಾತ್ರಕ್ಕೇ ಬಂದರೆ ಅದು ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಕಲಾ ವಿದ್ಯಾರ್ಥಿಗಳು ಮನೆಯಲ್ಲಿ ತೆಗೆದ ಹೂವಿನ ಚಿತ್ರಗಳು ಕೆಡುವುದು ಹೆಚ್ಚಾಗಿ ಈ 2 ಮಿ.ಮೀ. ಎಲ್ಲಿ ಬೀಳಬೇಕೆಂದು ಮೊದಲೇ ತೀರ್ಮಾನಿಸದೆ ಕ್ಲಿಕ್ ಮಾಡುವುದರಿಂದ. ಆದ್ದರಿಂದ ನಾನು ಕ್ಯಾಮೆರಾ ತೆಗೆಯುವ ಮೊದಲು ಪೆನ್ಸಿಲಿನಲ್ಲಿ ಹೂವಿನ ಒಂದು ರೇಖಾಚಿತ್ರ ಬರೆದು, ಚೂಪಾಗಿರಬೇಕಾದ ಜಾಗಕ್ಕೆ ಗುರುತು ಹಾಕಿಕೊಳ್ಳುತ್ತೇನೆ.

ಅಭ್ಯಾಸಕ್ಕೆ ದಾಸವಾಳಕ್ಕಿಂತ ಒಳ್ಳೆಯ ಹೂವಿಲ್ಲ. ಐದು ದೊಡ್ಡ ಎಸಳು, ನಡುವೆ ಮುಂದಕ್ಕೆ ಚಾಚಿದ ಕೇಸರದ ದಂಡ, ಅದರ ಸುತ್ತ ಹಳದಿ ಪರಾಗದ ಗುಂಡುಗಳು, ತುದಿಯಲ್ಲಿ ಮಖಮಲ್ಲಿನಂಥ ಐದು ಕೆಂಪು ಚುಕ್ಕೆ. ಒಂದೇ ಹೂವಿನಲ್ಲಿ ಆರೇಳು ಬೇರೆ ಬೇರೆ ಚಿತ್ರ ಸಿಗುತ್ತವೆ. ಹೂವಿನ ಆಯಸ್ಸು ಒಂದೇ ದಿನವಾದ್ದರಿಂದ ಕೆಲಸ ಬೆಳಿಗ್ಗೆ 8ರಿಂದ 10ರೊಳಗೆ ಮುಗಿಯಬೇಕು. ಹಿಂದಿನ ಸಂಜೆ ಕೆಂಪು ತುದಿ ಉದ್ದಕ್ಕೆ ಹೊರಬಂದ ಮೊಗ್ಗುಗಳನ್ನು ನಾಲ್ಕೈದು ಸೆಂ.ಮೀ. ತೊಟ್ಟಿನ ಸಮೇತ ಕತ್ತರಿಸಿ ನೀರಿನ ಲೋಟದಲ್ಲಿಟ್ಟರೆ ಬೆಳಿಗ್ಗೆ ಅಲ್ಲೇ ಅರಳುತ್ತವೆ. ಒಂದಲ್ಲ, ಮೂರು ಮೊಗ್ಗು ತನ್ನಿ. ಒಂದರ ಎಸಳು ಹರಿದಿರುತ್ತದೆ, ಇನ್ನೊಂದರಲ್ಲಿ ಬಿಳಿ ಹಿಟ್ಟುತಿಗಣೆ ಕೂತಿರುತ್ತದೆ. ಎಸಳಿನ ಮೇಲೆ ಪರಾಗ ಉದುರಿದರೆ ಒರೆಸಲು ಹೋಗಬೇಡಿ, ಕಲೆಯಾಗುತ್ತದೆ. ರಬ್ಬರ್ ಬ್ಲೋವರಿನಿಂದ ಊದಿ. ಹೋಗದಿದ್ದರೆ ಹೂವನ್ನೇ ಬದಲಿಸಿ.

ನಿಲ್ಲಿಸುವುದಕ್ಕೆ ಅರ್ಧ ಆಲೂಗಡ್ಡೆ ಸಾಕು. ಕತ್ತರಿಸಿದ ಮುಖ ಕೆಳಗಿಟ್ಟು, ಮೇಲೆ ಮೊಳೆಯಿಂದ ತೂತು ಮಾಡಿ ತೊಟ್ಟು ಸಿಕ್ಕಿಸಿ. ಹೂವಿನ ಭಾರಕ್ಕೆ ತೊಟ್ಟು ಬಾಗುತ್ತದೆ. ಹಿಂದೆ ಒಂದು ಪೊರಕೆ ಕಡ್ಡಿ ಚುಚ್ಚಿ ದಾರದಿಂದ ಕಟ್ಟಿದರೆ ಅಲುಗದು. ಫ್ಯಾನ್ ಆರಿಸಬೇಕು, ಬಾಗಿಲು ಮುಚ್ಚಬೇಕು. ಅದೇ ಗೋಡೆಗೆ ತಾಗಿ ವಾಷಿಂಗ್ ಮಷೀನ್ ಓಡುತ್ತಿದ್ದರೂ ಚಿತ್ರ ಅದುರುತ್ತದೆ.

ಬೆಳಕಿನ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ: ಒಂದೇ ಕಿಟಕಿ, ನೇರ ಬಿಸಿಲು ಬೀಳದ್ದು, ಸಾಧ್ಯವಾದರೆ ಉತ್ತರದ್ದು. ಟ್ಯೂಬ್‌ಲೈಟ್, ಎಲ್‌ಇಡಿ ಎಲ್ಲ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಒಂದು ಎಸಳು ನೀಲಿಗೆ, ಇನ್ನೊಂದು ಹಳದಿಗೆ ತಿರುಗುತ್ತದೆ, ಆಮೇಲೆ ವೈಟ್ ಬ್ಯಾಲೆನ್ಸ್ ಸರಿಪಡಿಸಲು ದಾರಿಯೇ ಇರುವುದಿಲ್ಲ. ಬೆಳಕು ಹೂವಿನ ಎದುರಿನಿಂದ ಬಂದರೆ ಎಸಳು ಚಪ್ಪಟೆಯಾಗಿ ಕಾಣುತ್ತದೆ. ಹಿಂಬದಿಯ ಓರೆಯಿಂದ ಬರುವಂತೆ ಮೇಜು ತಿರುಗಿಸಿದರೆ ಅದು ತೆಳುವಾದ ಎಸಳನ್ನು ಹಾದು ಬಂದು ಒಂದೊಂದು ನರವನ್ನೂ ತೋರಿಸುತ್ತದೆ. ಕಿಟಕಿಯ ಎದುರು ಬದಿಯಲ್ಲಿ, ಹೂವಿನಿಂದ 15–20 ಸೆಂ.ಮೀ. ದೂರಕ್ಕೆ ಬಿಳಿ ಥರ್ಮೊಕೋಲ್ ತುಂಡು ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಬಿಸಿಲು ಬರುವ ಕಿಟಕಿಯೇ ಗತಿಯಾದರೆ ಗಾಜಿಗೆ ಬಟರ್ ಪೇಪರ್ ಅಂಟಿಸಿ. ಹಿನ್ನೆಲೆಗೆ ಕಪ್ಪು ವೆಲ್ವೆಟ್ ಬಟ್ಟೆ, ಹೂವಿನಿಂದ ಅರ್ಧ ಮೀಟರಾದರೂ ಹಿಂದೆ, ಕಿಟಕಿಯ ಬೆಳಕು ತಾಗದ ಕಡೆ. ಕಪ್ಪು ಚಾರ್ಟ್ ಪೇಪರ್ ಬೆಳಕನ್ನು ಪ್ರತಿಫಲಿಸಿ ಬೂದಾಗುತ್ತದೆ.

ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ 50 ಮಿ.ಮೀ. ಎಫ್/1.8 ಲೆನ್ಸಿಗೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಕೂರುವ ಟೊಳ್ಳು ಕೊಳವೆ) ಸೇರಿಸುವುದು ನನಗೆ ಹಿಡಿಸಿದ ದಾರಿ. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಸೇರುವ ವರ್ಧನೆ ಸಿಗುತ್ತದೆ. 20 ಮಿ.ಮೀ. ಟ್ಯೂಬಿಗೆ 0.4, 36ಕ್ಕೆ 0.72. ಟ್ಯೂಬಿನಲ್ಲಿ ವಿದ್ಯುತ್ ಸಂಪರ್ಕದ ಪಿನ್ನುಗಳಿವೆಯೇ ನೋಡಿ ಕೊಳ್ಳಿ. ಇಲ್ಲದಿದ್ದರೆ ಅಪರ್ಚರ್ ಕ್ಯಾಮೆರಾದಿಂದ ಬದಲಾಗುವುದಿಲ್ಲ. ಅಪರ್ಚರ್ ತಿರುಗಿಸುವ ರಿಂಗ್ ಇಲ್ಲದ ಲೆನ್ಸಿನಲ್ಲಿ ಇದು ದೊಡ್ಡ ತೊಡಕು. ಇನ್ನೂ ಅಗ್ಗದ ದಾರಿ ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಭೂತಗನ್ನಡಿಯಂಥ ಕ್ಲೋಸ್-ಅಪ್ ಫಿಲ್ಟರ್. +4ರದ್ದು ಹಾಕಿ ಲೆನ್ಸನ್ನು ಅನಂತಕ್ಕಿಟ್ಟರೆ ಫೋಕಸ್ 25 ಸೆಂ.ಮೀ.ಗೆ ಬೀಳುತ್ತದೆ. ಅಂಚು ಮಸುಕಾಗುವುದರಿಂದ ಹೂವಿನ ಮುಖ್ಯ ಭಾಗವನ್ನು ನಡುವೆ ಇಡಬೇಕು.

ಸೆಟ್ಟಿಂಗು: ಮ್ಯಾನುಯಲ್, ಐಎಸ್‌ಒ 100, ಎಫ್/11, ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್. ಕಿಟಕಿಯ ಬೆಳಕಿನಲ್ಲಿ ಶಟರ್ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡಿನ ಸುತ್ತ ಬರುತ್ತದೆ, ಟ್ರೈಪಾಡ್ ಬೇಕೇ ಬೇಕು. ಇಲ್ಲದವರು ರಾಗಿ ತುಂಬಿದ ಬಟ್ಟೆ ಚೀಲವನ್ನು ಪುಸ್ತಕಗಳ ಮೇಲಿಟ್ಟು ಅದರಲ್ಲಿ ಕ್ಯಾಮೆರಾ ಕೂರಿಸಬಹುದು. 2 ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿ ಕೈ ತೆಗೆಯಿರಿ. ಆಳ ಹೆಚ್ಚಲಿ ಎಂದು ಎಫ್/22ಕ್ಕೆ ಹೋಗಬೇಡಿ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ವಿವರ್ತನೆಗೊಂಡು ಇಡೀ ಚಿತ್ರ ಮೆತ್ತಗಾಗುತ್ತದೆ, ಹತ್ತಿರದ ಚಿತ್ರದಲ್ಲಂತೂ ಇನ್ನೂ ಬೇಗ.

ಫೋಕಸ್ ಆಟೋದಲ್ಲಿ ಬೇಡ, ಅದು ಹತ್ತಿರದ ಎಸಳಿನಂಚಿಗೆ ಹೋಗಿ ಕೂರುತ್ತದೆ. ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ಐದು ಕೆಂಪು ಚುಕ್ಕೆಗಳಲ್ಲಿ ಒಂದರ ಮೇಲಿನ ರೋಮ ಬಿಡಿಬಿಡಿಯಾಗಿ ಕಾಣುವವರೆಗೆ ಕೈಯಿಂದಲೇ ತಿರುಗಿಸಿ. ಕೇಸರದ ದಂಡ ಪೂರ್ತಿ ಚೂಪಾಗಬೇಕಾದರೆ ಎರಡು ಉಪಾಯ. ಒಂದು, ಹೂವನ್ನು ಪಕ್ಕಕ್ಕೆ ತಿರುಗಿಸಿ ದಂಡವನ್ನು ಸೆನ್ಸರಿಗೆ ಸಮಾನಾಂತರ ಮಾಡುವುದು. ಒಂದೇ ಕ್ಲಿಕ್ಕಿನಲ್ಲಿ ಮುಗಿಯುತ್ತದೆ, ನನಗೆ ಇದೇ ಇಷ್ಟ. ಇನ್ನೊಂದು ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ಫೋಕಸಿನ ಹಲವು ಚಿತ್ರಗಳನ್ನು ಒಂದಾಗಿಸುವುದು: ಎಫ್/8ರಲ್ಲಿ ಒಂದೂಕಾಲು ಮಿ.ಮೀ.ನಷ್ಟು ಫೋಕಸ್ ಸರಿಸುತ್ತ ಹೋದರೆ 3 ಸೆಂ.ಮೀ. ಆಳಕ್ಕೆ 20–25 ಚಿತ್ರ ಬೇಕು. ಐದು ನಿಮಿಷದೊಳಗೆ ಮುಗಿಸಿ, ನಿಧಾನವಾದರೆ ಹೂವೇ ಜರುಗಿರುತ್ತದೆ. ಫೋಟೋಶಾಪಿನ ಆಟೋ ಬ್ಲೆಂಡಿನಲ್ಲಿ ಕೂಡಿಸಿದಾಗ ಒಂದರ ಹಿಂದೊಂದು ಬರುವ ಕೇಸರಗಳ ಸುತ್ತ ಮಬ್ಬು ಅಂಚು ಉಳಿಯುತ್ತದೆ, ಅದನ್ನು ಕೈಯಿಂದ ತಿದ್ದಬೇಕು.

ಕೆಂಪು ದಾಸವಾಳ ಪ್ಲಾಸ್ಟಿಕ್ಕಿನಂತೆ ಬರುವುದು ಎಲ್ಲರ ದೂರು. ಕೆಂಪು ಚಾನೆಲ್ ತುಂಬಿ ಹರಿದು ನರಗಳ ವಿವರ ಅಳಿಸಿಹೋಗಿರುತ್ತದೆ. ಒಟ್ಟು ಹಿಸ್ಟೋಗ್ರಾಂ (ಚಿತ್ರದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ. ಮೂರು ಬಣ್ಣದ ಹಿಸ್ಟೋಗ್ರಾಂ ತೆರೆದು, ಕೆಂಪು ಬಲಗೋಡೆಗೆ ತಾಗದಂತೆ ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ವಿವಿಡ್ ಮೋಡ್ ಬೇಡ. ಕಪ್ಪು ಹಿನ್ನೆಲೆಯ ಮುಂದಿನ ಬಿಳಿ ನಂದಿಬಟ್ಟಲಿಗೂ ಮೀಟರ್ ಹೇಳಿದ್ದಕ್ಕಿಂತ ಒಂದೊಂದೂವರೆ ಸ್ಟಾಪ್ ಕಡಿಮೆ ಬೇಕು. ನೀರಿನ ಹನಿ ಬೇಕೆನ್ನುವವರು ಗ್ಲಿಸರಿನ್, ನೀರು ಸಮ ಬೆರೆಸಿ ಸಿರಿಂಜಿನಿಂದ ಇಡುತ್ತಾರೆ. ಬೇಗ ಆರದೆ ನಿಲ್ಲುತ್ತದೆ. ಆದರೆ ದಾಸವಾಳಕ್ಕೆ ಬೇಡ, ಪರಾಗ ಒದ್ದೆಯಾಗಿ ಮುದ್ದೆಯಾಗುತ್ತದೆ.

ಫೋನಿನಲ್ಲಾದರೆ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ ಕ್ಯಾಮೆರಾ ಬಿಟ್ಟು ಮುಖ್ಯ ಕ್ಯಾಮೆರಾದಲ್ಲೇ 2 ಪಟ್ಟು ಜೂಮ್ ಹಾಕಿ, ತುಸು ಹಿಂದೆ ನಿಲ್ಲಿ. ಪರದೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಕೆಳಕ್ಕೆ ಎಳೆಯಿರಿ.

ಪ್ರಾಜೆಕ್ಟಿಗೆ ಆರು ಚಿತ್ರ ಕೊಡುವುದಾದರೆ ಆರಕ್ಕೂ ಒಂದೇ ಹಿನ್ನೆಲೆ, ಒಂದೇ ದಿಕ್ಕಿನ ಬೆಳಕು ಇರಲಿ. ಬರ್ಲಿನ್ನಿನಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಕಲಾ ವಿದ್ಯಾರ್ಥಿಗಳಿಗೆ ಸಸ್ಯಗಳ ಆಕಾರ ಕಲಿಸಲು ತೆಗೆದ ಚಿತ್ರಗಳನ್ನು ನೋಡಿ: ಬರಿಯ ಹಿನ್ನೆಲೆ, ಹದವಾದ ಬೆಳಕು, ಆದ್ದರಿಂದಲೇ ಒಂದು ಕುಡಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬಹುದು. ಎ4 ಮುದ್ರಣಕ್ಕೆ 300 ಡಿಪಿಐನಲ್ಲಿ 2480×3508 ಪಿಕ್ಸೆಲ್ ಬೇಕು. ಚಿತ್ರದ ಅಂಚು ಕತ್ತರಿಸಿದ ಮೇಲೂ ಅಷ್ಟು ಉಳಿದಿದೆಯೇ ನೋಡಿಕೊಳ್ಳಿ. ಮ್ಯಾಟ್ ಕಾಗದದಲ್ಲಿ ಕಪ್ಪು, ಕೆಂಪು ಎರಡೂ ಪರದೆಗಿಂತ ಮಂಕಾಗುತ್ತವೆ. ಮೊದಲು ಒಂದೇ ಚಿತ್ರವನ್ನು ಮೂರು ಹದದ ಬೆಳಕಿನಲ್ಲಿ ಚಿಕ್ಕದಾಗಿ ಮುದ್ರಿಸಿ, ಹಗಲು ಬೆಳಕಿನಲ್ಲಿ ಹಿಡಿದು ನೋಡಿ, ಆಮೇಲೆ ಉಳಿದ ಐದನ್ನು ಅದೇ ಹದಕ್ಕೆ ತನ್ನಿ.