ಸಿಗ್ನೇಚರ್ ಗಿಟಾರಿನ ದೋಷ ಹುಡುಕಿದ ಬಗೆ: ನನ್ನ ಅನುಭವ

ಪ್ರಸಿದ್ಧ ವಾದಕರೊಬ್ಬರ ಹೆಸರಿನಲ್ಲಿ ತಯಾರಾದ ಗಿಟಾರ್ ರಿಪೇರಿಗೆ ಬಂದರೆ ನಾನು ಮೊದಲು ಆ ವಾದಕರು ಬಳಸುವ ತಂತಿ, ಅವರ ಶ್ರುತಿ ಮತ್ತು ತಂತಿಗಳ ಕೆಳತುದಿ ಹಿಡಿದಿಡುವ ಬ್ರಿಡ್ಜಿನ ಅವರ ಸ್ಥಿತಿಯನ್ನು ವಾದ್ಯಕ್ಕೆ ಮರಳಿ ಕೊಡುತ್ತೇನೆ. ದೋಷಗಳ ಪಟ್ಟಿ ಬರೆಯುವುದು ಅದರ ನಂತರ. ಈ ಪದ್ಧತಿಯನ್ನು ಹೇಳಿದಾಗ ಹುಬ್ಬಳ್ಳಿಯ ಆರ್ಕೆಸ್ಟ್ರಾ ಗೆಳೆಯರು ವೃಥಾ ಖರ್ಚು ಎಂದರು. ನನ್ನ ಮೇಜಿಗೆ ಬಂದ ಅಂಥದೊಂದು ಗಿಟಾರಿನ ವಿಷಯದಲ್ಲಿ ಬೆಂಗಳೂರಿನ ಹಿರಿಯ ರಿಪೇರಿಗಾರರೊಬ್ಬರು ನೆಕ್ (ವಾದ್ಯದ ಉದ್ದನೆಯ ಹಿಡಿಕೆ) ಮತ್ತು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಎರಡನ್ನೂ ಬದಲಿಸದೆ ಬೇರೆ ದಾರಿಯೇ ಇಲ್ಲವೆಂದು ಫೋನಿನಲ್ಲಿಯೇ ತೀರ್ಪು ಕೊಟ್ಟರು. ಕಳೆದ ಗಣೇಶೋತ್ಸವದಲ್ಲಿ ಅದೇ ಗಿಟಾರ್, ಅದೇ ನೆಕ್ಕು, ಅದೇ ಪಿಕಪ್ಪುಗಳೊಂದಿಗೆ ಹುಬ್ಬಳ್ಳಿಯ ವೇದಿಕೆಯ ಮೇಲೆ ಹೆಚ್ಚುಕಡಿಮೆ ಮೂರು ತಾಸು ಸುಶ್ರಾವ್ಯವಾಗಿ ನುಡಿದದ್ದನ್ನು ಸಂಶಯಪಟ್ಟವರೇ ಎದುರಿಗೆ ಕುಳಿತು ಕೇಳಿದರು. ಆದ್ದರಿಂದ ಈಗ ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಗಿಟಾರ್ ಯಾವುದೆಂದರೆ, ಸ್ವೀಡನ್ನಿನ ರಾಕ್ ಗಿಟಾರ್ ವಾದಕ ಇಂಗ್ವೇ ಮಾಲ್ಮ್‌ಸ್ಟೀನ್ ಅವರ ಹೆಸರಿನಲ್ಲಿ ಫೆಂಡರ್ ಕಂಪನಿ 1988ರಲ್ಲಿ ಆರಂಭಿಸಿದ ಸ್ಟ್ರಾಟೊಕಾಸ್ಟರ್ ಮಾದರಿಯ, ಇತ್ತೀಚಿನ ವರ್ಷಗಳ ಒಂದು ವಾದ್ಯ. 25.5 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), ಹಿತ್ತಾಳೆಯ ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂಡುವ ಸಂದಿಗಳುಳ್ಳ ತುಂಡು), ಲೋಹದ ಪಟ್ಟಿಗಳಾದ ಎತ್ತರದ ದಪ್ಪ ಫ್ರೆಟ್‌ಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನ ಆಕಾರಕ್ಕೆ ಕೆತ್ತಿದ ಫ್ರೆಟ್‌ಬೋರ್ಡ್. ಹುಬ್ಬಳ್ಳಿಯ ವಿದ್ಯಾನಗರದ ಯುವಕನೊಬ್ಬ ಇದನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸುಮಾರು 1.15 ಲಕ್ಷ ರೂಪಾಯಿಗೆ ಕೊಂಡಿದ್ದ. ರವಿವಾರ ಚರ್ಚಿನಲ್ಲಿ, ಲಗ್ನದ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಬಾರಿಸುವ ಹುಡುಗ ಅವನು. ಧಾರವಾಡಕ್ಕೆ ಬಂದು ಗಿಟಾರನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದ: "ಸರ್, ಒಂದೊಂದ ತಂತಿ ಬಾರಿಸಿದ್ರ ಭಾಳ ಚಲೋ ಅನಸ್ತೈತ್ರಿ, ಕಾರ್ಡ್ ಹಿಡಿದ್ರ ಪೂರಾ ಬೇಸೂರ ಆಕ್ಕೈತ್ರಿ. ಮಿಕ್ಸರಿಗೆ ಹಾಕಿದ್ರ ಧ್ವನಿನೂ ಮಂಕ್ ಬರತೈತ್ರಿ." ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೆಕ್ಕಿಗೆ 35 ಸಾವಿರ, ಪಿಕಪ್ಪಿಗೆ 20 ಸಾವಿರ ಎಂಬ ಅಂದಾಜನ್ನು ಅವನಿಗೆ ಆಗಲೇ ಯಾರೋ ಕೊಟ್ಟಿದ್ದರು.

ನಾನು ಮೂಲತಃ ಸಿತಾರದ ಜವಾರಿ, ಅಂದರೆ ತಂತಿಗೆ ಝೇಂಕಾರ ಕೊಡುವ ಅಗಲ ಬ್ರಿಡ್ಜಿನ ಮೈ, ತಿದ್ದುವವನು. ಸಿತಾರ ರತ್ನ ರಹಿಮತ್ ಖಾನರ ಪರಂಪರೆ ಬೆಳೆದ ಊರಿನಲ್ಲಿ ಆ ಕೆಲಸ ಕಲಿತಿದ್ದೇನೆ, ಮಿರಜಿನ ಕಾರಖಾನೆಗಳಿಗೂ ಓಡಾಡಿದ್ದೇನೆ. ಗಿಟಾರಿನ ಕೆಲಸ ಹತ್ತು ಹನ್ನೆರಡು ವರ್ಷಗಳಿಂದ ಜೊತೆಗೆ ನಡೆದಿದೆ. ಬೆರಳಿನ ತುದಿಗೆ ಮರ ತಾಗದ ವಾದ್ಯ ನಮಗೆ ಹೊಸದಲ್ಲ. ಸಿತಾರದ ಬಾಗಿದ ಪಡದೆಗಳ ಮೇಲೆ ತಂತಿ ಎಳೆದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ತೆಗೆಯುವವರಿಗೆ ಕೆತ್ತಿದ ಫ್ರೆಟ್‌ಬೋರ್ಡಿನ ಸ್ವಭಾವ ಅರ್ಧ ತಿಳಿದೇ ಇರುತ್ತದೆ. ಭಾರತೀಯ ವಾದಕರ ಜೊತೆ ನುಡಿಸಿದ ಶಕ್ತಿ ತಂಡದ ದಿನಗಳಲ್ಲಿ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ ಅವರೂ ಇಂಥದೇ ಫ್ರೆಟ್‌ಬೋರ್ಡ್ ಮಾಡಿಸಿಕೊಂಡಿದ್ದರು. ಈ ತಿಳಿವಳಿಕೆ ಇರದ ಕೈಗೆ ಅದೇ ಫ್ರೆಟ್‌ಬೋರ್ಡ್ ದೋಷವಾಗಿ ಕಾಣುತ್ತದೆ.

ವಾದ್ಯ ಬಂದಾಗ ಅದರ ಮೇಲೆ 10-46ರ ತಂತಿಗಳಿದ್ದು (ತೀರ ತೆಳು ತಂತಿ ಇಂಚಿನ ಸಾವಿರದ 10 ಭಾಗ, ತೀರ ದಪ್ಪದ್ದು 46 ಭಾಗ), ಸಾಮಾನ್ಯ ಇ ಶ್ರುತಿಗೆ ಏರಿಸಲಾಗಿತ್ತು. ನಾಲ್ಕು ಸ್ಪ್ರಿಂಗ್ ಇದ್ದರೂ, ಸ್ಪ್ರಿಂಗಿನ ಬಲದಲ್ಲಿ ಅಲುಗುವ ಟ್ರೆಮೊಲೊ ಬ್ರಿಡ್ಜಿನ ಹಿಂಭಾಗ ಸುಮಾರು 5 ಮಿ.ಮೀ. ಮೇಲೆದ್ದಿತ್ತು. ಅದರಿಂದ ಏರಿದ ಆ್ಯಕ್ಷನ್ನನ್ನು (ಫ್ರೆಟ್ಟಿನಿಂದ ತಂತಿಯ ಎತ್ತರ) ಇಳಿಸಲೆಂದು ಹಿಂದಿನವರು ಬ್ರಿಡ್ಜಿನ ಮೇಲೆ ತಂತಿ ಕೂಡುವ ತುಂಡುಗಳಾದ ಸ್ಯಾಡಲ್‌ಗಳನ್ನು ಎಷ್ಟು ತಗ್ಗಿಸಿದ್ದರೆಂದರೆ ಅವುಗಳ ಸ್ಕ್ರೂಗಳು ಮೇಲೆ ಚಾಚಿ ಅಂಗೈಗೆ ಚುಚ್ಚುತ್ತಿದ್ದವು. ಒಂದನೆಯ ಮತ್ತು ಕೊನೆಯ ಫ್ರೆಟ್ ಒತ್ತಿ ಏಳನೆಯದರ ಮೇಲೆ ಅಳೆದಾಗ ನೆಕ್ಕಿನ ಬಾಗು ಅರ್ಧ ಮಿ.ಮೀ. ಬಂತು, 0.25ರ ಆಸುಪಾಸು ಇರಬೇಕಾದ ಅಳತೆ ಅದು. ನನ್ನ ಫೀಲರ್ ಗೇಜ್ ಸ್ಪಾರ್ಕ್ ಪ್ಲಗ್ ಅಂತರ ನೋಡುವುದಕ್ಕೆಂದು ಹುಬ್ಬಳ್ಳಿಯ ಆಟೋ ಬಿಡಿಭಾಗಗಳ ಅಂಗಡಿಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವಂಥದ್ದು. ಗಿಟಾರಿನ ಹೆಸರಿನಲ್ಲಿ ಮಾರುವ ಗೇಜಿಗೆ ಇದಕ್ಕಿಂತ ಎಷ್ಟೋ ಪಟ್ಟು ಬೆಲೆ ಕೇಳುತ್ತಾರೆ, ಉಕ್ಕು ಒಂದೇ.

ಬಂದ ಸ್ಥಿತಿಯಲ್ಲಿಯೇ ವಾದ್ಯವನ್ನು ಸರಿಪಡಿಸಲು ನಡೆದ ಯತ್ನಗಳು ಯಾವುವೂ ನಿಲ್ಲಲಿಲ್ಲ. ಟ್ಯೂನ್ ಮಾಡುವಾಗ ನಟ್‌ನಲ್ಲಿ ಟಿಣ್ ಎಂದು ಸದ್ದಾಗುತ್ತಿತ್ತು. ಪೆನ್ಸಿಲ್ ಸೀಸದ ಪುಡಿ ತುಂಬಿದರೆ ಎರಡು ಹಾಡಿನ ಮಟ್ಟಿಗೆ ಸುಮ್ಮನಿದ್ದು ಮತ್ತೆ ಅದೇ ಸದ್ದು. ನೆಕ್ಕಿನ ಗೂಡಿನಲ್ಲಿ ತೆಳುವಾದ ಪಟ್ಟಿ ಇಟ್ಟು ಕೋನ ಬದಲಿಸಿದಾಗ ಅಂಗೈಗೆ ಚುಚ್ಚುವುದು ತಪ್ಪಿತು, ಬೇಸೂರು ತಪ್ಪಲಿಲ್ಲ. ಹಿತ್ತಾಳೆಯ ನಟ್ ತೆಗೆದು ಎಲುಬಿನದೊಂದನ್ನು ಕೆತ್ತಿ ಕೂಡಿಸಿ ನೋಡಿದೆ. ಬಿಡಿ ತಂತಿಯ ನಾದ ಕೊಂಚ ಮೃದುವಾದದ್ದನ್ನು ಬಿಟ್ಟರೆ ಪ್ರಯೋಜನ ಕಾಣಲಿಲ್ಲ. ತಂತಿ, ಎಲುಬು, ಓಡಾಟ ಸೇರಿ ಮೂರು ಸಾವಿರದ ಹತ್ತಿರ ಹೋಯಿತು, ಅದನ್ನು ಹುಡುಗನಿಂದ ತೆಗೆದುಕೊಳ್ಳಲಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಯಿತು: ಬೇರೆ ಭಾರಕ್ಕೆ ಸಿದ್ಧವಾದ ವಾದ್ಯದ ಮೇಲೆ ಬೇರೆಯದೇ ಭಾರ ಹೇರಿ, ಆ ಸ್ಥಿತಿಯಲ್ಲಿ ಕಾಣುವ ದೋಷಗಳನ್ನು ಒಂದೊಂದಾಗಿ ಬೆನ್ನಟ್ಟಿದರೆ ಕೆಲಸಕ್ಕೆ ಕೊನೆಯಿರುವುದಿಲ್ಲ.

ಮಾಲ್ಮ್‌ಸ್ಟೀನ್ ಅವರು ಬಳಸುವುದು 8-46ರ ತಂತಿ, ಶ್ರುತಿ ಅರ್ಧ ಸ್ವರ ಕೆಳಗೆ. ಆ ಸೆಟ್ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. 8-38ರ ಪ್ಯಾಕಿನಿಂದ ಮೇಲಿನ ಮೂರು, 10-46ರ ಪ್ಯಾಕಿನಿಂದ ಕೆಳಗಿನ ಮೂರು ತಂತಿ ತೆಗೆದು ಹೊಂದಿಸಿದೆ, 1,300 ರೂಪಾಯಿ ಬಿದ್ದಿರಬೇಕು. ಭಾರದ ಲೆಕ್ಕ ನೋಡಿ: 10-46ನ್ನು ಇ ಶ್ರುತಿಗೆ ಏರಿಸಿದರೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 47 ಕಿಲೋ. ನಾನು ಹೊಂದಿಸಿದ ಸೆಟ್ ಅರ್ಧ ಸ್ವರ ಕೆಳಗಿನ ಶ್ರುತಿಯಲ್ಲಿ ಎಳೆಯುವುದು 35 ಕಿಲೋದಷ್ಟು. ಮೊದಲ ತಂತಿಯೊಂದನ್ನೇ ತೆಗೆದುಕೊಂಡರೆ 7 ಕಿಲೋ ಮೀರಿದ ಎಳೆತ 4 ಕಿಲೋ ಚಿಲ್ಲರೆಗೆ ಇಳಿಯುತ್ತದೆ. ಇಷ್ಟು ವ್ಯತ್ಯಾಸವಿರುವಾಗ ಬ್ರಿಡ್ಜ್, ನೆಕ್ಕು, ನಟ್ ಮೂರೂ ಬೇರೆ ವಾದ್ಯದವಂತೆ ವರ್ತಿಸಿದರೆ ಆಶ್ಚರ್ಯವಿಲ್ಲ.

ತಂತಿ ಬದಲಾಯಿಸಿ, ಒಂದು ಸ್ಪ್ರಿಂಗ್ ತೆಗೆದು, ಹಿಂಬದಿಯ ಕೊಕ್ಕೆಯ ಸ್ಕ್ರೂ ಸಡಿಲಿಸಿ ಸಮ ಮಾಡಿದಾಗ ಬ್ರಿಡ್ಜ್ ತನ್ನ ಮಟ್ಟಕ್ಕೆ ಬಂದು ಕುಳಿತಿತು. ನೆಕ್ಕಿನ ಗೂಡಿನ ಪಟ್ಟಿ ತೆಗೆದೆ, ಹಿತ್ತಾಳೆಯ ನಟ್ಟನ್ನು ಮರಳಿ ಕೂಡಿಸಿದೆ, ಸ್ಯಾಡಲ್‌ಗಳನ್ನು ಮೇಲೆತ್ತಿದೆ. ಒಂದು ರಾತ್ರಿ ಹಾಗೆಯೇ ಇಟ್ಟು ಮರುದಿನ ಅಳೆದರೆ ಟ್ರಸ್ ರಾಡ್ (ನೆಕ್ಕಿನ ಬಾಗು ತಿದ್ದುವ ಒಳಗಿನ ಉಕ್ಕಿನ ಸರಳು) ಮುಟ್ಟದೆಯೇ ನೆಕ್ಕಿನ ಬಾಗು 0.3ಕ್ಕೆ ಇಳಿದಿತ್ತು. ನಟ್ಟಿನ ಸದ್ದು ಮಾಯವಾಗಿತ್ತು, ಏಕೆಂದರೆ 8ರ ತಂತಿಗೆ ಕೊರೆದ ಸಂದಿಯಲ್ಲಿ 10ರ ತಂತಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹುಡುಗನ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ದೂರುಗಳು ಇಲ್ಲಿಗೆ ಅಳಿಸಿಹೋದವು. ಉಳಿದವು ನಿಜವಾಗಿ ನೋಡಬೇಕಾದವು: ಮೂರನೆಯ ತಂತಿ ಮೊದಲ ಫ್ರೆಟ್‌ಗಳಲ್ಲಿ ಏರುವುದು, ಕಾರ್ಡಿನ ಬೇಸೂರು, ಮಂಕು ಧ್ವನಿ, ಆಗಾಗ ಬರುವ ಚರಚರ ಸದ್ದು.

ಹಗುರ ತಂತಿ ಹಾಕಿದರೆ ಕೆತ್ತಿದ ಫ್ರೆಟ್‌ಬೋರ್ಡಿನಲ್ಲಿ ಸ್ವರ ಇನ್ನಷ್ಟು ಏರುತ್ತದೆ ಎಂಬುದು ಗೆಳೆಯರ ಪ್ರಬಲ ಆಕ್ಷೇಪವಾಗಿತ್ತು. ಒತ್ತುವ ಕೈ ಭಾರವಾಗಿದ್ದರೆ ಅದು ನಿಜವೂ ಹೌದು. ಆದರೆ ಅದು ಎಷ್ಟು ಏರುತ್ತದೆ, ಯಾರ ಕೈಯಲ್ಲಿ ಏರುತ್ತದೆ ಎಂಬುದನ್ನು ಅವರಲ್ಲಿ ಯಾರೂ ಅಳೆದಿರಲಿಲ್ಲ. ನಾನು ಟ್ಯೂನರ್ ಮುಂದಿಟ್ಟು ಮೊದಲು ನನ್ನ ಕೈಯಲ್ಲಿ, ಆಮೇಲೆ ಹುಡುಗನ ಕೈಯಲ್ಲಿ ನೋಡಿದೆ. ಹನ್ನೆರಡನೆಯ ಫ್ರೆಟ್ಟಿನಲ್ಲಿ ನನ್ನ ಒತ್ತು ಒಂದೆರಡು ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಭಾಗ ಒಂದು ಸೆಂಟ್) ಏರಿದರೆ ಅವನದು ಒಂಬತ್ತು ಹತ್ತು ಸೆಂಟ್ ಏರುತ್ತಿತ್ತು. ಒಂದೇ ಬೆರಳಿನಿಂದ ಹಲವು ತಂತಿ ಒತ್ತುವ ಬಾರೆ ಕಾರ್ಡ್ ಹಿಡಿದಾಗ ಮೂರನೆಯ ತಂತಿ ಇಪ್ಪತ್ತು ಸೆಂಟಿನವರೆಗೂ ಹೋಗುತ್ತಿತ್ತು. ಅವನು ಕಲಿತದ್ದು ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿನ ಮೇಲೆ. ಅಲ್ಲಿ ಬೆರಳನ್ನು ಮರವೇ ತಡೆಯುತ್ತದೆ, ಇಲ್ಲಿ ತಡೆಯುವುದು ಏನೂ ಇಲ್ಲ.

ಆದ್ದರಿಂದ ಸ್ಯಾಡಲ್‌ಗಳ ಇಂಟೊನೇಷನ್ (ಫ್ರೆಟ್ ಒತ್ತಿದಾಗಲೂ ಸ್ವರ ಸರಿಯಿರುವಂತೆ ತಂತಿಯ ಉದ್ದ) ಹೊಂದಿಸುವಾಗ ತಂತಿಯನ್ನು ಅವನೇ ಒತ್ತಿದ, ಸ್ಕ್ರೂ ನಾನು ತಿರುಗಿಸಿದೆ. ನನ್ನ ಇಡೀ ಪದ್ಧತಿಯಲ್ಲಿ ಬಹಳ ಬೆಲೆಯುಳ್ಳ ಹಂತ ಇದು ಎಂದು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ರಿಪೇರಿಗಾರನ ಹಗುರ ಕೈಗೆ ಹೊಂದಿಸಿದ ಇಂಟೊನೇಷನ್ ವಾದಕನ ಕೈಗೆ ಹೋದ ಕೂಡಲೇ ಕೆಡುತ್ತದೆ. ಸ್ಯಾಡಲ್ ಸರಿಸಿದ್ದು ಮೇಲಿನ ಫ್ರೆಟ್‌ಗಳಿಗೆ ಮಾತ್ರ ಸಹಾಯ ಮಾಡುತ್ತದೆ. ಕೆಳಗಿನವಕ್ಕೆ ಮೂರನೆಯ ತಂತಿಯ ನಟ್ ಸಂದಿಯನ್ನು ಕೂದಲೆಳೆಯಷ್ಟು ಆಳ ಮಾಡಿದೆ. ಮೂರನೆಯ ಫ್ರೆಟ್ ಒತ್ತಿದಾಗ ಒಂದನೆಯದರ ಮೇಲೆ ಬೆಳಕು ಕಾಣಬೇಕು, ಕಾಗದ ದಾಟಬಾರದು; ಅಲ್ಲಿಗೆ ನಿಲ್ಲಿಸಿದೆ. ಉಳಿದದ್ದು ಕೈಯ ಅಭ್ಯಾಸ. ಸ್ವರ ಹೊರಡುವಷ್ಟೇ ಒತ್ತಿ ಅಲ್ಲಿಗೆ ನಿಲ್ಲುವುದನ್ನು ಟ್ಯೂನರ್ ನೋಡುತ್ತ ಅವನು ಕೆಲವು ವಾರ ಸಾಧಿಸಿದ, ಇಪ್ಪತ್ತು ಸೆಂಟ್ ಇದ್ದದ್ದು ಆರೇಳಕ್ಕೆ ಬಂತು.

ಆಮೇಲೆ ತಂತಿಯ ಪ್ರಶ್ನೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಮತ್ತು ಹಾಡುವವರ ಜೊತೆ ಅರ್ಧ ಸ್ವರ ಕೆಳಗಿನ ಗಿಟಾರ್ ನಡೆಯುವುದಿಲ್ಲ. 9-46ರ ಸೆಟ್ಟನ್ನು ಇ ಶ್ರುತಿಗೆ ಏರಿಸಿ ನಿಲ್ಲಿಸಿದೆ, ಒಟ್ಟು ಎಳೆತ 43 ಕಿಲೋದ ಹತ್ತಿರ. ತೆಗೆದ ಸ್ಪ್ರಿಂಗ್ ಮರಳಿ ಬಂತು, ಟ್ರಸ್ ರಾಡ್ ಕಾಲು ಸುತ್ತಿಗಿಂತ ಕಡಿಮೆ ತಿರುಗಿತು, ನಟ್ಟಿನ ಮೇಲಿನ ಮೂರು ಸಂದಿಗಳು ಅಗಲವಾದವು. ಹಿತ್ತಾಳೆಯ ಸಂದಿಯನ್ನು ಅಗಲಿಸಲು ನಟ್ ಅರಗಳು ಬೇಕು, ನನ್ನ ಸೆಟ್ಟಿಗೆ ಆರೇಳು ಸಾವಿರ ಕೊಟ್ಟಿದ್ದೇನೆ. ಕೊನೆಯ ಮೆರುಗಿಗೆ ಬಳಸುವುದನ್ನು ಮತ್ತು ಅದನ್ನು ಎಳೆಯುವ ದಿಕ್ಕನ್ನು ಜವಾರಿಯ ಕೆಲಸದಿಂದ ತಂದಿದ್ದೇನೆ. ಅದು ನನ್ನ ಗುರುಗಳ ಮನೆಯ ವಿದ್ಯೆಯಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಬೇರೆ ಪ್ರಯೋಗವೂ ನಡೆಯಿತು. ಇಂಥ ಫ್ರೆಟ್‌ಬೋರ್ಡ್ ಕೈಗೆ ಸಿಕ್ಕಾಗ ಯಮನ್ ರಾಗದ ಒಂದೆರಡು ಮೀಂಡ್ ನೋಡದೆ ಬಿಡಲು ಮನಸ್ಸಾಗಲಿಲ್ಲ. ಸ್ವರ ಸೊಗಸಾಗಿ ಜಾರುತ್ತಿತ್ತು, ಆದರೆ ತೇಲುವ ಬ್ರಿಡ್ಜಿನಲ್ಲಿ ಒಂದು ತಂತಿ ಎಳೆದರೆ ಉಳಿದವು ಇಳಿಯುತ್ತವೆ, ಷಡ್ಜ ಹಿಡಿದ ತಂತಿಯೇ ಕೆಳಗೆ ಹೋದರೆ ರಾಗ ಎಲ್ಲಿಯದು. ಟ್ರೆಮೊಲೊದ ಹಿಂದೆ ಸಾಗವಾನಿಯ ತುಂಡೊಂದನ್ನು ಬಿಗಿಯಾಗಿ ಕೂಡಿಸಿದಾಗ ತಂತಿ ಎಳೆದರೂ ಬ್ರಿಡ್ಜ್ ಮುಂದಕ್ಕೆ ವಾಲದಂತಾಗಿ ಷಡ್ಜ ಸ್ಥಿರವಾಯಿತು, ಸಾಲದ್ದಕ್ಕೆ ನಾದವೂ ಹೆಚ್ಚು ಹೊತ್ತು ನಿಂತಿತು. ಎರಡೂವರೆ ಸ್ವರದವರೆಗೆ ಎಳೆದೆ. ಸಿತಾರದಂತೆ ಐದು ಸ್ವರ ಎಳೆಯುವ ಅಗಲ ಆ ನೆಕ್ಕಿಗಿಲ್ಲ. ಎಲುಬಿನ ಅಗಲ ಸ್ಯಾಡಲ್ ಮೇಲೆ ಜವಾರಿಯನ್ನೂ ತೆರೆದು ನೋಡಿದೆ, ಉಕ್ಕಿನ ತೆಳು ತಂತಿಯಲ್ಲಿ ಅದು ಬರಿಯ ಕರಕರ ಸದ್ದಾಯಿತು. 1967ರಲ್ಲಿ ಡ್ಯಾನೆಲೆಕ್ಟ್ರೊ ಕಂಪನಿ ಗಿಟಾರ್ ವಾದಕ ವಿನ್ಸೆಂಟ್ ಬೆಲ್ ಅವರ ಜೊತೆ ಕೋರಲ್ ಎಲೆಕ್ಟ್ರಿಕ್ ಸಿತಾರ್ ತಂದಾಗ ಬ್ರಿಡ್ಜನ್ನೇ ಅದಕ್ಕಾಗಿ ಅಗಲವಾಗಿ ರೂಪಿಸಿದ್ದರು. ಮೇಲೆ ಇಟ್ಟ ತುಂಡಿನಿಂದ ಅದು ಸಾಧ್ಯವಿಲ್ಲ.

ಮಂಕು ಧ್ವನಿಗೆ ಪಿಕಪ್ಪೇ ಕಾರಣವೆಂದು ಎಲ್ಲರೂ ಹೇಳುತ್ತಿದ್ದರು. ಈ ಗಿಟಾರಿನಲ್ಲಿರುವುದು ಹಮ್ (ವಿದ್ಯುತ್ತಿನ ಗುಂಯ್ ಸದ್ದು) ತಡೆಯಲು ಸುರುಳಿಗಳನ್ನು ಒಂದರ ಮೇಲೊಂದು ಇಟ್ಟ ಪಿಕಪ್. ಮಾಲ್ಮ್‌ಸ್ಟೀನ್ ಅವರು ಓವರ್‌ಡ್ರೈವ್ ಪೆಡಲ್ ಮೂಲಕ ಮಾರ್ಷಲ್ ಆಂಪಿಗೆ ನುಡಿಸುತ್ತಾರೆ. ನಮ್ಮ ಹುಡುಗ ಗಿಟಾರಿನ ಕೇಬಲ್ಲನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಹಾಕುತ್ತಿದ್ದ. ಅದರ ಇಂಪೀಡನ್ಸ್ (ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ) ಹತ್ತಿಪ್ಪತ್ತು ಕಿಲೋಓಮ್‌ನ ಆಸುಪಾಸು, ಗಿಟಾರಿಗೆ ಬೇಕಾದದ್ದು 1 ಮೆಗಾಓಮ್. ಹಾಗೆ ಹಾಕಿದರೆ ಬ್ಯಾಟರಿಯಿಲ್ಲದ ಇಂಥ ಯಾವ ಪಿಕಪ್ಪಿನ ತೀಕ್ಷ್ಣ ಧ್ವನಿಯೂ ಸಾಯುತ್ತದೆ. 3,500 ರೂಪಾಯಿಯ ಆ್ಯಕ್ಟಿವ್ ಡಿಐ ಬಾಕ್ಸ್ (ಗಿಟಾರನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಮತ್ತು ಒಂದು ಸಾಧಾರಣ ಓವರ್‌ಡ್ರೈವ್ ಪೆಡಲ್ ಬಂದ ಮೇಲೆ ಪಿಕಪ್ಪಿನ ದೂರು ಮತ್ತೆ ಕೇಳಲಿಲ್ಲ. ಪಿಕಪ್ಪುಗಳ ಎತ್ತರವನ್ನು ಮಾತ್ರ ತಗ್ಗಿಸಿದೆ, ಏಕೆಂದರೆ ಆಯಸ್ಕಾಂತ ತೀರ ಹತ್ತಿರವಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ತಂತಿ ಎರಡು ಸ್ವರ ಕೇಳಿಸುವಂತೆ ಅಲೆಯುತ್ತದೆ. ಚರಚರ ಸದ್ದಿಗೆ ಸ್ಪ್ರಿಂಗಿನ ಕೊಕ್ಕೆಗೆ ಬೆಸೆದ ಅರ್ಥ್ ತಂತಿ ಕಾರಣ; ಹಿಂದೆ ಯಾರೋ ಆ ಕೊಕ್ಕೆಯನ್ನು ಎಳೆದಾಗ ಬೆಸುಗೆ ಬಿಟ್ಟಿತ್ತು. ಐದು ನಿಮಿಷದ ಕೆಲಸ.

ಇದೇ ಕ್ರಮವನ್ನು ಬೇರೆ ಸಿಗ್ನೇಚರ್ ವಾದ್ಯಗಳಿಗೂ ಹಚ್ಚಿದ್ದೇನೆ. ಗಿಟಾರ್ ವಾದಕ ಕಾರ್ಲೋಸ್ ಸ್ಯಾಂಟಾನಾ ಅವರ ಹೆಸರಿನ ಪಿಆರ್‌ಎಸ್ ಗಿಟಾರಿನ ಸ್ಕೇಲ್ 24.5 ಇಂಚು. ಅದೇ ತಂತಿ, ಅದೇ ಶ್ರುತಿಯಲ್ಲಿ ಎಳೆತ ಸ್ಟ್ರಾಟೊಕಾಸ್ಟರಿಗಿಂತ ಶೇ. 8ರಷ್ಟು ಕಡಿಮೆ ಇರುತ್ತದೆ. ತಂತಿ ಮೆತ್ತಗಿದೆ ಎಂದು ಅಂಥದ್ದೊಂದನ್ನು ಮಾರಲು ಹೊರಟಿದ್ದ ಗದುಗಿನ ವಾದಕರಿಗೆ ಒಂದು ಅಳತೆ ದಪ್ಪ ತಂತಿ ಸಾಕಾಯಿತು.

ಈ ಗಿಟಾರಿನ ಒಟ್ಟು ಖರ್ಚು, ಡಿಐ ಬಾಕ್ಸ್ ಮತ್ತು ಪೆಡಲ್ ಸೇರಿ, ಹುಡುಗನಿಗೆ ಹತ್ತು ಸಾವಿರದೊಳಗೆ ಬಂತು; ಅದರಲ್ಲಿ ನನ್ನ ಮಜೂರಿ 2,500. ಕೆಲಸ ಮುಗಿಸಿದ್ದು ಮಾಘದ ಒಣ ಹವೆಯಲ್ಲಿ. ಧಾರವಾಡದ ಮಳೆ ಹಿಡಿದ ಮೇಲೆ ಫ್ರೆಟ್‌ಬೋರ್ಡ್ ಉಬ್ಬಿ ನೆಕ್ಕು ನೇರವಾಗುತ್ತದೆಂದು ಮೊದಲೇ ಹೇಳಿದ್ದೆ. ಆಷಾಢದಲ್ಲಿ ಅವನು ಬಂದಾಗ ಬಾಗು 0.1ರ ಹತ್ತಿರ ಇಳಿದು ಐದನೆಯ ಫ್ರೆಟ್ಟಿನ ಸುತ್ತ ತಂತಿ ತಾಗುತ್ತಿತ್ತು. ಟ್ರಸ್ ರಾಡ್ ಸ್ವಲ್ಪ ಸಡಿಲಿಸಿ 0.25ಕ್ಕೆ ತಂದು, ಮೂರನೆಯ ತಂತಿಯ ಇಂಟೊನೇಷನ್ನನ್ನು ಅವನ ಕೈಯಿಂದಲೇ ಮತ್ತೊಮ್ಮೆ ನೋಡಿಸಿ ಕಳಿಸಿದೆ. ದೀಪಾವಳಿಯ ನಂತರ ಅದನ್ನು ಮತ್ತೆ ಬಿಗಿ ಮಾಡಬೇಕಾಗುತ್ತದೆ.