ಸಮುದಾಯ ಯೋಜನೆಗೆ ಗುಂಪು ಚರ್ಚೆ ನಡೆಸುವ ಬಗೆ

ಬಡಾವಣೆಗೆ ಏನು ಬೇಕೆಂದು ಅಲ್ಲಿನ ಜನರನ್ನೇ ಕೇಳಿ ಯೋಜಿಸುವಾಗ, ಒಂದು ಗುಂಪಿಗೆ 6ರಿಂದ 10 ಜನ ಸಾಕು. ಹೆಚ್ಚಾದರೆ ಮೆಲುದನಿಯವರು ಬಾಯಿ ಬಿಡುವುದೇ ಇಲ್ಲ. ಮನೆ ಮಾಲೀಕರನ್ನೂ ಬಾಡಿಗೆದಾರರನ್ನೂ ಬೇರೆಬೇರೆಯಾಗಿ ಕೂರಿಸಿ. ಒಟ್ಟಿಗೆ ಕೂತರೆ ಬಾಡಿಗೆದಾರರು ಮಾತು ನುಂಗಿಕೊಳ್ಳುತ್ತಾರೆ.

90 ನಿಮಿಷಕ್ಕೆ ಐದಾರು ಪ್ರಶ್ನೆ ಸಾಕು. "ಪಾರ್ಕ್ ಬೇಕೇ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ, ಅದರಿಂದ ಏನೂ ತಿಳಿಯದು. "ನಿನ್ನೆ ಸಂಜೆ ಮಕ್ಕಳು ಎಲ್ಲಿ ಆಡಿದರು?" ಎಂದು ಕೇಳಿ, ದೊಡ್ಡ ನಕ್ಷೆ ಹರಡಿ ಅವರ ಕೈಗೇ ಪೆನ್ನು ಕೊಡಿ. ಕತ್ತಲಾದ ಮೇಲೆ ಯಾವ ದಾರಿಯಲ್ಲಿ ನಡೆಯಲು ಹಿಂಜರಿಯುತ್ತಾರೆ ಎಂಬುದನ್ನೂ ಗುರುತು ಹಾಕಿಸಿ. ಅಧಿಕೃತ ನಕ್ಷೆಯಲ್ಲಿ ಇದು ಸಿಗುವುದೇ ಇಲ್ಲ.

ರೆಕಾರ್ಡಿಂಗ್‌ಗೆ ಮೊದಲೇ ಒಪ್ಪಿಗೆ ಪಡೆಯಿರಿ. ಒಂದು ಗಂಟೆಯ ಧ್ವನಿಯನ್ನು ಕೈಯಾರೆ ಬರಹಕ್ಕಿಳಿಸಲು ಸಾಮಾನ್ಯವಾಗಿ 4ರಿಂದ 6 ಗಂಟೆ ಹಿಡಿಯುತ್ತದೆ. ಹೊಸ ವಿಷಯ ಬರುವುದು ನಿಲ್ಲುವ ತನಕ ಗುಂಪುಗಳನ್ನು ಸೇರಿಸುತ್ತಾ ಹೋಗಿ. ಯೋಜನೆಯ ಕರಡನ್ನು ಅದೇ ಜನರಿಗೆ ಓದಿ ಹೇಳದೆ ಅಂತಿಮಗೊಳಿಸಬೇಡಿ.